ಅಂಬಾಸಿಡರ್ ಟೈಮಿಂಗ್: ಬಲ್ಬು, ಟೈಮಿಂಗ್ ಲೈಟು, ವ್ಯಾಕ್ಯೂಮ್ ಗೇಜು, ಕಿವಿ

ನಮ್ಮ ಮನೆಯ ಹಳೆ ಅಂಬಾಸಿಡರ್‌ನಲ್ಲಿರುವುದು 1489 ಸಿಸಿ ಪೆಟ್ರೋಲ್ ಎಂಜಿನ್. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಬುಶ್ ಸವೆದಿತ್ತು. ಬಿಚ್ಚಿ ಸರಿ ಮಾಡಿಸಿ ಮತ್ತೆ ಕೂರಿಸಿದೆ. ಟೈಮಿಂಗ್ (ಪ್ಲಗ್‌ನಲ್ಲಿ ಕಿಡಿ ಹಾರಬೇಕಾದ ಕ್ಷಣ) ಇಡಲು ಇರುವ ನಾಲ್ಕು ದಾರಿಗಳನ್ನೂ ಅದೇ ಗಾಡಿಯ ಮೇಲೆ ಮಾಡಿ ನೋಡಿದೆ.

ಯಾವ ದಾರಿಯಾದರೂ ಶುರು ಒಂದೇ. 1ನೇ ಸಿಲಿಂಡರ್‌ನ ಪ್ಲಗ್ ತೆಗೆದು, ಅಲ್ಲಿ ಬೆರಳಿಟ್ಟು, ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸಿ. ಗಾಳಿ ಬೆರಳನ್ನು ತಳ್ಳಿದರೆ ಅದು ಕಂಪ್ರೆಷನ್. ಎಂಜಿನ್ ಮುಂದಿನ ಪುಲ್ಲಿಯ ಟೈಮಿಂಗ್ ಗುರುತೊಂದನ್ನೇ ನಂಬಬೇಡಿ. ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುವ ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ಆ ಗುರುತು ಎರಡು ಸಲ ಬರುತ್ತದೆ. ಪ್ಲಗ್ ವೈರುಗಳ ಕ್ರಮ 1-3-4-2, ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ. ಸಿಬಿ ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚುವ ಕಾಂಟ್ಯಾಕ್ಟ್) ಗ್ಯಾಪನ್ನು ಮೊದಲೇ ಸುಮಾರು 0.4 ಮಿ.ಮೀ. ಇಟ್ಟುಕೊಳ್ಳಿ. ಆಮೇಲೆ ಗ್ಯಾಪ್ ಮುಟ್ಟಿದರೆ ಟೈಮಿಂಗೂ ಬದಲಾಗುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು ಬಲ್ಬು. 12 ವೋಲ್ಟ್ ಬಲ್ಬಿನ ಒಂದು ವೈರು ಡಿಸ್ಟ್ರಿಬ್ಯೂಟರ್ ಪಕ್ಕದ ಸಣ್ಣ ಟರ್ಮಿನಲ್‌ಗೆ, ಇನ್ನೊಂದು ಅರ್ತ್‌ಗೆ. ಪುಲ್ಲಿಯನ್ನು ಮ್ಯಾನ್ಯುಯಲ್ ಹೇಳುವ ಡಿಗ್ರಿಗೆ ತಂದು ಇಗ್ನಿಷನ್ ಆನ್ ಮಾಡಿ. ಡಿಸ್ಟ್ರಿಬ್ಯೂಟರ್ ಬಾಡಿಯನ್ನು ರೋಟರ್ ತಿರುಗುವ ದಿಕ್ಕಿಗೆ ತಿರುಗಿಸಿದರೆ ಬಲ್ಬು ಆರುತ್ತದೆ. ಈಗ ಮೆಲ್ಲಗೆ ವಾಪಸ್ ತನ್ನಿ. ಬಲ್ಬು ಹತ್ತಿದ ಕ್ಷಣವೇ ಪಾಯಿಂಟ್ ತೆರೆಯುವ ಕ್ಷಣ, ಕಿಡಿ ಹಾರುವ ಕ್ಷಣ. ಅಲ್ಲೇ ಬಿಗಿ ಮಾಡಿ. ಆಮೇಲೆ ಎಂಜಿನ್ ಎರಡು ಸುತ್ತು ತಿರುಗಿಸಿ ಮತ್ತೊಮ್ಮೆ ನೋಡಿ. ಬಿಗಿ ಮಾಡುವಾಗ ಬಾಡಿ ಚೂರು ಜರುಗುತ್ತದೆ, ನನಗೆ ಎರಡು ಸಲ ಹಾಗಾಯಿತು. ಇಷ್ಟಾದ ಮೇಲೆ ಗಾಡಿ ಮೊದಲ ಸೆಲ್ಫ್‌ಗೇ ಸ್ಟಾರ್ಟ್ ಆಯಿತು!

1ನೇ ಪ್ಲಗ್‌ನ ಕಿಡಿಯ ಜೊತೆಗೇ ಮಿನುಗುವ ಟೈಮಿಂಗ್ ಲೈಟು ಓಡುವ ಎಂಜಿನ್ನಿನ ನಿಜ ತೋರಿಸುತ್ತದೆ. ಡಿಸ್ಟ್ರಿಬ್ಯೂಟರ್‌ಗೆ ಹೋಗುವ ವ್ಯಾಕ್ಯೂಮ್ ಪೈಪ್ ಬಿಚ್ಚಿ ಮುಚ್ಚಿ, ಗುರುತಿಗೆ ಸೀಮೆಸುಣ್ಣ ಹಚ್ಚಿ, ಐಡ್ಲಿಂಗ್ ಇಳಿಸಿ ನೋಡಬೇಕು. ಬಲ್ಬಿನಲ್ಲಿ ಇಟ್ಟದ್ದಕ್ಕೂ ಇದಕ್ಕೂ ಎರಡು ಡಿಗ್ರಿ ವ್ಯತ್ಯಾಸ ಬಂತು. ಚೈನು, ಗೇರುಗಳ ಸಡಿಲ ಓಡುವಾಗಲೇ ಗೊತ್ತಾಗೋದು. ಆಕ್ಸಿಲರೇಟರ್ ಕೊಟ್ಟಾಗ ಗುರುತು ಮುಂದೆ ಸರಿಯದಿದ್ದರೆ ಡಿಸ್ಟ್ರಿಬ್ಯೂಟರ್ ಒಳಗಿನ, ವೇಗಕ್ಕೆ ತಕ್ಕಂತೆ ಕಿಡಿಯನ್ನು ಬೇಗ ಹಾರಿಸುವ ತೂಕದ ಗುಂಡುಗಳು ಸಿಕ್ಕಿಕೊಂಡಿವೆ ಎಂದರ್ಥ. ಬಲ್ಬು ಇದನ್ನು ಹೇಳುವುದಿಲ್ಲ. ಒಂದು ಎಚ್ಚರ: ಆ ಬೆಳಕಿನಲ್ಲಿ ಫ್ಯಾನ್ ನಿಂತಂತೆ ಕಾಣಬಹುದು. ಕೈ ದೂರವಿರಲಿ.

ಎಂಜಿನ್ ಗಾಳಿ ಎಳೆಯುವ ಬಲವನ್ನು ಪಾದರಸದ ಇಂಚುಗಳಲ್ಲಿ ತೋರಿಸುವ ವ್ಯಾಕ್ಯೂಮ್ ಗೇಜು ನನಗೆ ಒಗ್ಗಲಿಲ್ಲ. ಪುಸ್ತಕದ ಅಂಕಿಗಳೆಲ್ಲ ಸಮುದ್ರ ಮಟ್ಟದವು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಮುಳ್ಳು ಮೂರು ಇಂಚಿನಷ್ಟು ಕಡಿಮೆ ತೋರಿಸುತ್ತದೆ. ಅದಿರಲಿ ಅಂದರೂ, ಐಡ್ಲಿಂಗ್‌ನಲ್ಲಿ ಎಂಜಿನ್ ಜಾಸ್ತಿ ಅಡ್ವಾನ್ಸನ್ನೇ (ಕಿಡಿ ಬೇಗ ಹಾರುವುದನ್ನೇ) ಕೇಳುತ್ತದೆ. ಮುಳ್ಳು ಅತಿ ಮೇಲೇರಿದ ಜಾಗದಲ್ಲಿ ಬಿಗಿ ಮಾಡಿ ನಂದಿ ಬೆಟ್ಟ ಹತ್ತಿಸಿದೆ. ತಿರುವುಗಳಲ್ಲೆಲ್ಲ ಟಿಕ್‌ಟಿಕ್ ಅಂತ ನಾಕಿಂಗ್. ಪಿಸ್ಟನ್ ಹಾಳಾಗುವ ಸದ್ದು ಅದು, ಕೇಳುತ್ತಾ ಸುಮ್ನೆ ಓಡಿಸಲು ಮನಸ್ಸು ಬರಲಿಲ್ಲ. ಮುಳ್ಳನ್ನು ಒಂದು ಇಂಚು ಇಳಿಸಿದ ಮೇಲೆ ಕಡಿಮೆಯಾಯಿತು.

ಕಿವಿಯಲ್ಲಿ ಕೇಳಿ ಇಟ್ಟಾಗಲೂ ಇದೇ ತಪ್ಪು. ಸದ್ದು ನುಣುಪಾದಷ್ಟೂ ಕೈ ಅಡ್ವಾನ್ಸ್ ಕಡೆಗೇ ಹೋಗುತ್ತದೆ. ದಾರಿಯಲ್ಲಿ ಕೆಟ್ಟು ನಿಂತರೆ ಮನೆ ಸೇರಲು ಸಾಕು, ಅಷ್ಟೇ.

ಒಂದೇ ಉಪಕರಣ ಸಿಗುವುದಾದರೆ ಬಲ್ಬನ್ನೇ ಹಿಡಿಯಿರಿ. ಲೈಟೂ ಇದ್ದರೆ ಬಲ್ಬಿನಿಂದ ಸ್ಟಾರ್ಟ್ ಮಾಡಿಸಿ, ಲೈಟಿನಿಂದ ಸರಿಪಡಿಸಿ. ನಾನು ಹಾಗೇ ಮಾಡಿದೆ. ಮುಂದಿನ ಭಾನುವಾರ ಗಾಡಿ ಅದೇ ಬೆಟ್ಟವನ್ನು, ಹಿಂದೆ ಮೂವರನ್ನು ಕೂರಿಸಿಕೊಂಡು, ನಾಕಿಂಗ್ ಇಲ್ಲದೆ ಹತ್ತಿತು.