ಪ್ಲಿಕರ್ಸ್ ಆ್ಯಪ್: ಟೀಚರ್ ಕೈಲಿ ಒಂದೇ ಫೋನ್, ಮಕ್ಕಳ ಕೈಲಿ ಕಾಗದದ ಕಾರ್ಡು

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ನಮ್ಮಲ್ಲಿ ಮಕ್ಕಳು ಮೊಬೈಲ್ ತರುವಂತಿಲ್ಲ. ತರಬಹುದು ಅಂದರೂ ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಫೋನ್, ಅದು ಅಪ್ಪನ ಜೊತೆ ಕೆಲಸಕ್ಕೆ ಹೋಗಿರುತ್ತದೆ. ಹಾಗಾಗಿ ನನಗೆ ಬೇಕಿದ್ದದ್ದು ಒಂದೇ ಫೋನಿನಲ್ಲಿ ಇಡೀ ತರಗತಿಗೆ ಉಪಯೋಗವಾಗುವ ಆ್ಯಪ್. ಪ್ರಶ್ನೆಗೆ ಮಕ್ಕಳು ಕಾರ್ಡು ಎತ್ತಿ ಉತ್ತರ ತೋರಿಸುವ ಈ ಪ್ಲಿಕರ್ಸ್ ಬಳಸಲು ಶುರು ಮಾಡಿ ಎರಡು ವರ್ಷ ದಾಟಿದೆ.

ಇದರ ವೆಬ್‌ಸೈಟಿನಲ್ಲಿ ಕಾರ್ಡುಗಳ ಪಿಡಿಎಫ್ ಉಚಿತವಾಗಿ ಸಿಗುತ್ತದೆ. ಸಾಮಾನ್ಯ ಸೆಟ್ಟಿನಲ್ಲಿ 40 ಕಾರ್ಡು, ದೊಡ್ಡ ತರಗತಿಗೆ 63. ಒಂದೊಂದರ ಮೇಲೂ ಬೇರೆ ಬೇರೆ ಕಪ್ಪು ಆಕಾರ, ನಾಲ್ಕು ಬದಿಗೆ ಸಣ್ಣಗೆ ಎ, ಬಿ, ಸಿ, ಡಿ. ಉತ್ತರ ‘ಬಿ’ ಅನಿಸಿದರೆ ಆ ಬದಿಯನ್ನು ಮೇಲೆ ಮಾಡಿ ಹಿಡಿದರಾಯಿತು. ನಾನು ಫೋನಿನ ಕ್ಯಾಮೆರಾವನ್ನು ನಿಧಾನಕ್ಕೆ ಎಲ್ಲರ ಕಡೆ ತಿರುಗಿಸುತ್ತೇನೆ. ಯಾರು ಏನು ಉತ್ತರ ಕೊಟ್ಟರು ಅಂತ ಹೆಸರು ಸಮೇತ ಪರದೆ ಮೇಲೆ ಬರುತ್ತದೆ. ಕಾರ್ಡುಗಳು ಒಂದೇ ಥರ ಇಲ್ಲದ್ದರಿಂದ ಪಕ್ಕದವರದ್ದು ನೋಡಿ ಹಿಡಿಯುವುದು ಸುಲಭವಲ್ಲ.

ನನಗೆ ಇದರ ಬೆಲೆ ಗೊತ್ತಾಗಿದ್ದು ದಶಮಾಂಶದ ಪಾಠದಲ್ಲಿ. ‘ಅರ್ಥ ಆಯ್ತಾ?’ ಅಂತ ಕೇಳಿದರೆ ‘ಆಯ್ತು ಟೀಚರ್’ ಅಂತ ಎಲ್ಲರೂ ಒಟ್ಟಿಗೆ ಕೂಗುತ್ತಾರೆ. 0.5, 0.35, 0.125 ಇವುಗಳಲ್ಲಿ ದೊಡ್ಡದು ಯಾವುದು ಅಂತ ಕಾರ್ಡು ಎತ್ತಿಸಿದೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳು 0.125 ಹಿಡಿದಿದ್ದರು! 125 ದೊಡ್ಡ ಸಂಖ್ಯೆ ಅಲ್ವಾ, ಅದಕ್ಕೆ. ಯಾವಾಗಲೂ ಮೊದಲು ಕೈ ಎತ್ತುವ ಹುಡುಗರೂ ಅದರಲ್ಲಿದ್ದರು. ತಕ್ಷಣ ಅಳತೆ ಟೇಪು ತಂದು ಮೇಜಿನ ಮೇಲೆ ಹಾಸಿದೆ. 0.5 ಮೀಟರ್ ಅಂದರೆ 50 ಸೆಂ.ಮೀ., 0.35 ಅಂದರೆ 35, 0.125 ಅಂದರೆ ಬರೀ ಹನ್ನೆರಡೂವರೆ. ಒಬ್ಬೊಬ್ಬರೇ ಬಂದು ಬೆರಳಿಟ್ಟು ನೋಡಿದರು. ಮತ್ತೆ ಕಾರ್ಡು ಎತ್ತಿಸಿದಾಗ ತಪ್ಪು ಉಳಿದಿದ್ದು ಕೆಲವರದ್ದು ಮಾತ್ರ. ಅವರ ಹೆಸರು ಫೋನಿನಲ್ಲಿತ್ತು, ಮಧ್ಯಾಹ್ನ ಅವರನ್ನಷ್ಟೇ ಕೂರಿಸಿಕೊಂಡು ಹೇಳಿಕೊಟ್ಟೆ. ಯಾರದ್ದು ತಪ್ಪು ಅಂತ ಉಳಿದವರಿಗೆ ಗೊತ್ತಾಗಲಿಲ್ಲ. ಇದು ನನಗೆ ಬಹಳ ಮುಖ್ಯ. ಒಂದು ಸಲ ಎಲ್ಲರೆದುರು ನಗೆಪಾಟಲಾದ ಮಗು ವಾರಗಟ್ಟಲೆ ಬಾಯಿ ಬಿಡುವುದಿಲ್ಲ.

ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ತೆರೆಯುವ ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾ (2017ರಲ್ಲಿ ಬಂದದ್ದು) ಕೂಡ ಬಳಸುತ್ತೇನೆ. ಪಾಠದ ತಯಾರಿಗೆ ಅದು ಚೆನ್ನಾಗಿದೆ. ಆದರೆ ಫೋನಿನ ಪುಟ್ಟ ಪರದೆಯಲ್ಲಿ ವಿಡಿಯೊ ಹಾಕಿದರೆ ಹಿಂದಿನ ಬೆಂಚಿಗೆ ಏನು ಕಾಣುತ್ತದೆ?

ಹೊಸದಾಗಿ ಶುರು ಮಾಡುವವರಿಗೆ ಕೆಲವು ಮಾತು. ಕಾರ್ಡನ್ನು ದಪ್ಪ ಕಾಗದದ ಮೇಲೆ ಪ್ರಿಂಟ್ ಹಾಕಿಸಿ. ಹೊಳೆಯುವ ಲ್ಯಾಮಿನೇಶನ್ ಬೇಡ, ಬೆಳಕು ಬಿದ್ದರೆ ಕ್ಯಾಮೆರಾ ಓದುವುದಿಲ್ಲ. ಬೆರಳು ಕಪ್ಪು ಭಾಗವನ್ನು ಮುಚ್ಚದ ಹಾಗೆ ಹಿಡಿಯುವುದನ್ನು ಮೊದಲೇ ಅಭ್ಯಾಸ ಮಾಡಿಸಿ. ಹಾಜರಿ ಪುಸ್ತಕದ ಕ್ರಮಸಂಖ್ಯೆಯನ್ನೇ ಕಾರ್ಡಿನ ಸಂಖ್ಯೆ ಮಾಡಿದರೆ ಹಂಚುವಾಗ ಗೊಂದಲ ಇರುವುದಿಲ್ಲ. ಪ್ರಶ್ನೆಯನ್ನು ನಾನು ಬೋರ್ಡಿನ ಮೇಲೆ ಬರೆಯುತ್ತೇನೆ, ಹಾಗಾಗಿ ಪ್ರೊಜೆಕ್ಟರ್ ಬೇಕಾಗಿಲ್ಲ. ಇಂಟರ್ನೆಟ್ ಮಾತ್ರ ಬೇಕು. ನೆಟ್‌ವರ್ಕ್ ಸಿಗದ ದಿನ ಸುಮ್ನೆ ಒದ್ದಾಡಬೇಡಿ, ಸ್ಲೇಟಿನ ಮೇಲೆ ಉತ್ತರ ಬರೆಸಿ ಎತ್ತಿ ಹಿಡಿಸಿ.

ಉಚಿತ ಖಾತೆಯಲ್ಲಿ ಪ್ರಶ್ನೆಗಳ ಒಂದು ಸೆಟ್ಟಿಗೆ ಐದು ಪ್ರಶ್ನೆ ಹಾಕಬಹುದು. ನನಗೆ ಒಂದು ಪೀರಿಯಡ್‌ಗೆ ಮೂರೇ ಸಾಕು. ಆದರೆ ಆಯ್ಕೆಯ ಪ್ರಶ್ನೆ, ಸರಿ-ತಪ್ಪು ಪ್ರಶ್ನೆ ಬಿಟ್ಟು ಬೇರೇನೂ ಕೇಳಲು ಬರುವುದಿಲ್ಲ. ಮಗು ಲೆಕ್ಕವನ್ನು ಹೇಗೆ ಬಿಡಿಸಿತು ಅನ್ನುವುದಕ್ಕೆ ನೋಟ್‌ಬುಕ್ಕೇ ನೋಡಬೇಕು. ಆಯ್ಕೆಗಳನ್ನು ಯೋಚಿಸಿ ಕೊಡದಿದ್ದರೆ ಇದರಿಂದ ಏನೂ ತಿಳಿಯುವುದಿಲ್ಲ. ಮಕ್ಕಳು ನಿಜವಾಗಿ ಮಾಡುವ ತಪ್ಪುಗಳೇ ಅಲ್ಲಿರಬೇಕು.

ನಾಲ್ಕನೇ ತರಗತಿಯಿಂದ ಮೇಲಕ್ಕೆ ಧೈರ್ಯವಾಗಿ ಬಳಸಿ. ನಲಿ-ಕಲಿ (ಒಂದರಿಂದ ಮೂರನೇ ತರಗತಿಯ ಚಟುವಟಿಕೆ ಕಲಿಕೆ) ಮಕ್ಕಳಿಗೆ ಬೇಡ. ಅವರಿಗೆ ಕೈಯಲ್ಲಿ ಮುಟ್ಟಿ ಆಡುವ ಸಾಮಾನೇ ಸರಿ.