ಪ್ಲೇಸ್‌ಮೆಂಟ್‌ಗೆ ಸೇರುವ ಮುಂಚೆ ಸೂಪರ್‌ವೈಸರ್ ಯಾರು ಅಂತ ಕೇಳಿ

ಆರ್ಟ್ ಥೆರಪಿ (ಚಿತ್ರ ಬಿಡಿಸುವುದರ ಮೂಲಕ ಮನಸ್ಸಿಗೆ ಕೊಡುವ ಚಿಕಿತ್ಸೆ) ಓದುತ್ತಾ ತುಮಕೂರು ಕಡೆ ಪ್ಲೇಸ್‌ಮೆಂಟ್, ಅಂದರೆ ಕೋರ್ಸಿನ ಭಾಗವಾಗಿ ಮಾಡುವ ತರಬೇತಿ, ಹುಡುಕುತ್ತಿರುವವರು ಇದನ್ನೊಮ್ಮೆ ಓದಿ. ನನ್ನದು ನಾಲ್ಕು ತಿಂಗಳು ದಂಡವಾಯಿತು.

ನಾನು ಬೆಂಗಳೂರಿನಲ್ಲಿ ಡಿಪ್ಲೊಮಾ ಮಾಡುತ್ತಿದ್ದೇನೆ, ಮನೆ ಕ್ಯಾತ್ಸಂದ್ರದಲ್ಲಿ. ಹತ್ತಿರವಾಗುತ್ತಲ್ಲ ಅಂತ ಶಿರಾ ಗೇಟ್ ಆಚೆಯ ವಿಶೇಷ ಮಕ್ಕಳ ಕೇಂದ್ರವೊಂದಕ್ಕೆ ಸೇರಿದೆ. ಪ್ಲೇಸ್‌ಮೆಂಟ್ ಸಿಕ್ಕಿತು ಅಂದಾಗ ಅಮ್ಮ ಕೆಲಸವೇ ಸಿಕ್ಕಿತು ಅಂದುಕೊಂಡು ಬೀದಿಗೆಲ್ಲ ಹೇಳಿ ಬಂದರು. ಸಂಬಳದ ಮಾತು ಹಾಗಿರಲಿ, ನಾನೇ 6,000 ರೂಪಾಯಿ ‘ಟ್ರೈನಿಂಗ್ ಫೀಸು’ ಕಟ್ಟಿದ್ದೆ. ರಸೀದಿ ಕೊಡಲಿಲ್ಲ.

ಸೂಪರ್‌ವಿಷನ್ ಇದೆ ಅಂದಿದ್ದರು. ಅಲ್ಲಿನ ಮೇಡಂ ಸ್ಪೆಷಲ್ ಎಜುಕೇಟರ್, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿಯೂ ಇತ್ತು. ಒಳ್ಳೆಯವರೇ. ಆದರೆ ಆ ನೋಂದಣಿ ಅವರ ಕೆಲಸಕ್ಕೆ, ಆರ್ಟ್ ಥೆರಪಿಗಲ್ಲ. ಸೆಷನ್‌ನಲ್ಲಿ ಏನಾಯಿತು, ನಾನು ಎಲ್ಲಿ ಎಡವಿದೆ ಅಂತ ಕೂತು ಮಾತಾಡಲು ಯಾರೂ ಇರಲಿಲ್ಲ. ತಿಂಗಳ ಕೊನೆಗೆ, ಕೆಲಸ ಮಾಡಿದ ಗಂಟೆಗಳನ್ನು ಬರೆದಿಡುವ ಲಾಗ್ ಬುಕ್‌ಗೆ ಸಹಿ, ಅಷ್ಟೇ.

ರೂಮೂ ಇರಲಿಲ್ಲ. ಊಟದ ಹಾಲ್‌ನಲ್ಲಿ ಇಪ್ಪತ್ತು ಮಕ್ಕಳನ್ನು ಕೂರಿಸಿ ‘ಏನಾದ್ರೂ ಬರೆಸಿ’ ಅನ್ನುತ್ತಿದ್ದರು. ಡಿಸೆಂಬರ್ ಪೂರ್ತಿ ವಾರ್ಷಿಕೋತ್ಸವಕ್ಕೆ ಥರ್ಮಾಕೋಲ್ ಕತ್ತರಿಸಿದೆ.

ಅಷ್ಟರ ಮಧ್ಯೆಯೂ ಒಬ್ಬ ಹುಡುಗ ನನ್ನ ಹತ್ತಿರ ಬರತೊಡಗಿದ. ಮಾತು ತೀರಾ ಕಮ್ಮಿ. ವಾರಗಟ್ಟಲೆ ಒಂದೇ ಚಿತ್ರ: ಹಾಳೆ ತುಂಬ ಕಪ್ಪು, ಮೂಲೆಯಲ್ಲಿ ಪುಟ್ಟ ಬಾಗಿಲು. ಕಪ್ಪು ಅಂದರೆ ದುಃಖ ಅಂತ ನಾವು ತೀರ್ಮಾನ ಮಾಡುವಂತಿಲ್ಲ, ಮೊದಲ ಸೆಮಿಸ್ಟರ್‌ನಲ್ಲೇ ಅದನ್ನು ಹೇಳಿಕೊಡುತ್ತಾರೆ. ಸುಮ್ನೆ ಪಕ್ಕದಲ್ಲಿ ಕೂರುತ್ತಿದ್ದೆ. ಒಂದು ದಿನ ಅವನೇ ಬಾಗಿಲಿಗೆ ಹಳದಿ ಬಳಿದು ನನ್ನ ಮುಖ ನೋಡಿದ. ಆ ಹಾಳೆಯನ್ನು ಫೈಲ್‌ಗೆ ಹಾಕಿ ಆಫೀಸ್ ಬೀರುವಿನಲ್ಲಿಟ್ಟೆ. ಸೆಷನ್‌ನ ಚಿತ್ರ ಮಗುವಿನದು, ಗುಟ್ಟಾಗಿರಬೇಕು. ಬೀರುವಿಗೆ ಬೀಗ ಇರಲಿಲ್ಲ. ತಪ್ಪು ನನ್ನದೂ ಹೌದು, ಬೀಗ ಕೇಳಬೇಕಿತ್ತು.

ಜನವರಿಯಲ್ಲಿ ಕೇಂದ್ರದವರು ದಾನಿಗಳಿಗೆ ಕ್ಯಾಲೆಂಡರ್ ಹಂಚಿದರು. ಮಾರ್ಚ್ ಪುಟದಲ್ಲಿ ಅದೇ ಚಿತ್ರ, ಕೆಳಗೆ ಅವನ ಹೆಸರು, ಫೋಟೋ. ಅವರ ಮನೆಯವರನ್ನೂ ಕೇಳಿರಲಿಲ್ಲ. ನಾನು ಕೇಳಿದ್ದಕ್ಕೆ, ‘ಮಗುಗೆ ಹೆಸರು ಬಂತಲ್ಲಮ್ಮಾ, ಖುಷಿಪಡಿ’ ಅಂದರು. ಎರಡು ಸಲ ಜಗಳವಾಯಿತು. ಮೂರನೇ ಸಲ, ನಾಳೆಯಿಂದ ಬರಬೇಡಿ ಅಂದರು.

ಕಾಲೇಜಿನವರು ಲಾಗ್ ಬುಕ್ ನೋಡಿ, ಆರ್ಟ್ ಥೆರಪಿಸ್ಟ್ ಸೂಪರ್‌ವಿಷನ್ ಇಲ್ಲದ ಗಂಟೆಗಳನ್ನು ಲೆಕ್ಕಕ್ಕೆ ತಗೊಳ್ಳಲ್ಲ ಅಂದರು. ಅವರೂ ಮೊದಲೇ ಒಂದು ಫೋನ್ ಮಾಡಿ ವಿಚಾರಿಸಬಹುದಿತ್ತು ಅಲ್ವಾ?

ಹಾಗಾಗಿ ದುಡ್ಡು ಕಟ್ಟುವ ಮುಂಚೆ ಸೂಪರ್‌ವೈಸರ್ ಏನು ಓದಿದ್ದಾರೆ, ವಾರಕ್ಕೆಷ್ಟು ಹೊತ್ತು ಸಿಗುತ್ತಾರೆ ಅಂತ ಬರಹದಲ್ಲಿ ತಗೊಳ್ಳಿ. ಅಲ್ಲಿ ಇಲ್ಲದಿದ್ದರೆ ಬೆಂಗಳೂರಿನ ಥೆರಪಿಸ್ಟ್ ಒಬ್ಬರು ಆನ್‌ಲೈನಿನಲ್ಲಿ ಸೂಪರ್‌ವಿಷನ್ ಕೊಟ್ಟರೆ ನಡೆಯುತ್ತದಾ ಅಂತ ಕಾಲೇಜಿನಲ್ಲೇ ಕೇಳಿ. ರೂಮು, ಬೀಗವಿರುವ ಬೀರು ಕಣ್ಣಾರೆ ನೋಡಿ. ಕೊನೆಯ ದಿನ ಯಾವುದು ಅಂತಲೂ ಮೊದಲೇ ಗೊತ್ತಿರಲಿ. ಮಕ್ಕಳಿಗೆ ಅದನ್ನು ವಾರಗಳ ಮುಂಚೆ ಹೇಳಬೇಕು. ನನಗೆ ಆ ಹುಡುಗನಿಗೆ ಹೋಗಿ ಬರ್ತೀನಿ ಅಂತ ಹೇಳಲೂ ಆಗಲಿಲ್ಲ.