ಹನ್ನೆರಡು ಜನ, ಒಂದು ಕಾರ್ಡ್, ನಾಲ್ಕು ಲೆಕ್ಕ

ನಮ್ಮದು ಕ್ಲಬ್ ಗಿಬ್ ಅಲ್ಲ. ಗಾಲ್ಫ್ ಆಡುವ ಹನ್ನೆರಡು ಜನರ ಒಂದು ವಾಟ್ಸಾಪ್ ಗುಂಪು, ಅಷ್ಟೆ. ಇಬ್ಬರು ಡಾಕ್ಟರು, ಸುರತ್ಕಲ್‌ನ ಒಬ್ಬರು ಮೇಷ್ಟ್ರು, ಗಲ್ಫ್‌ನಲ್ಲಿ ಆಟ ಕಲಿತು ಊರಿಗೆ ಮರಳಿದ ಮೂವರು, ಕುಂದಾಪುರದಿಂದ ಕತ್ತಲಲ್ಲೇ ಹೊರಟು ಬರುವ ನನ್ನ ಭಾವ, ಇನ್ನು ನಾವು ಉಳಿದವರು. ಮಳೆ ನಿಂತ ಮೇಲೆ, ನವೆಂಬರ್‌ನಿಂದ ಫೆಬ್ರವರಿ ಒಳಗೆ, ಮೂರ್ನಾಲ್ಕು ಸಲ ಮಂಗಳೂರಿನ ವಾಮಂಜೂರು ದಾಟಿ ಪಿಲಿಕುಳದ ಗಾಲ್ಫ್ ಮೈದಾನಕ್ಕೆ ಹೋಗುತ್ತೇವೆ. ಪಿಲಿ ಎಂದರೆ ತುಳುವಿನಲ್ಲಿ ಹುಲಿ. ನಮಗೆ ಸಿಗುವುದು ನವಿಲು.

ಕಷ್ಟ ಏನೆಂದರೆ, ಹದಿನೆಂಟು ಗುಂಡಿಗಳಿಗೆ ಚೆಂಡು ಹಾಕಲು ನಮ್ಮಲ್ಲಿ ಒಬ್ಬರು 84 ಹೊಡೆತ ಹೊಡೆಯುತ್ತಾರೆ, ಇನ್ನೊಬ್ಬರು 130; ಕಡಿಮೆ ಹೊಡೆದವರೇ ಗೆದ್ದಂತೆ. ಇಬ್ಬರೂ ಒಂದೇ ಪಂದ್ಯದಲ್ಲಿ ಕೊನೆಯವರೆಗೂ ಆಸಕ್ತಿಯಿಂದ ಇರಬೇಕು. ಅದಕ್ಕೆ ಹ್ಯಾಂಡಿಕ್ಯಾಪ್, ಅಂದರೆ ಒಟ್ಟು ಹೊಡೆತಗಳಲ್ಲಿ ಕಳೆಯುವ ಬಿಡುವು, ಬೇಕು. ಯಾವ ಹ್ಯಾಂಡಿಕ್ಯಾಪ್ ಎನ್ನುವುದೇ ಜಗಳ. ಎರಡು ಸೀಸನ್‌ನಲ್ಲಿ ನಾಲ್ಕು ಬಗೆ ಮಾಡಿ ನೋಡಿದೆವು. ಆಯೋಜಿಸುವ ಕೆಲಸ ನನ್ನ ತಲೆಗೇ ಬಿದ್ದಿದ್ದರಿಂದ ಬೈಗುಳವೂ ನನಗೇ ಬಿತ್ತು.

ಮೊದಲ ಸಲ ಎಲ್ಲರೂ ತಮ್ಮ ಹ್ಯಾಂಡಿಕ್ಯಾಪ್ ತಾವೇ ಹೇಳಲಿ ಎಂದೆವು. ನಿಜವಾದ ಹ್ಯಾಂಡಿಕ್ಯಾಪ್ ಇದ್ದದ್ದು ಇಬ್ಬರಿಗೆ ಮಾತ್ರ. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಕೊನೆಯ 20 ಸುತ್ತುಗಳಲ್ಲಿ ಚೆನ್ನಾಗಿ ಆಡಿದ 8ನ್ನು ತೆಗೆದು ಸರಾಸರಿ ಮಾಡುತ್ತಾರೆ. ಆ ಅಂಕಗಳನ್ನೂ ಕೋರ್ಸ್ ಎಷ್ಟು ಕಷ್ಟದ್ದು ಎಂದು ನೋಡಿ ಸರಿಪಡಿಸಿರುತ್ತಾರೆ. ಇದಕ್ಕಿಂತ ನ್ಯಾಯವಾದದ್ದು ಇಲ್ಲ. ಆದರೆ ಆರಂಭಕ್ಕೇ 54 ಗುಂಡಿಗಳ ಅಂಕ ದಾಖಲಾಗಬೇಕು. ನಮ್ಮ ಭಾವನವರು ಇಡೀ ವರ್ಷದಲ್ಲಿ ಆಡುವುದೇ ಅಷ್ಟು. ಹಾಗಾಗಿ ಉಳಿದ ಹತ್ತು ಜನ ಅಂದಾಜಿನಲ್ಲಿ ಹೇಳಿದರು. ವಿನಯದ ಮೂರ್ತಿಯೊಬ್ಬರು '24 ಇಡಿ ಮಾರಾಯ್ರೆ, ಕೈ ಬಿಟ್ಟುಹೋಗಿದೆ' ಎಂದರು. ಹೇಳಿ 84 ಹೊಡೆದರು! 24 ಕಳೆದರೆ 60. ಕಪ್ ಅವರ ಮನೆಗೆ ಹೋಯಿತು, ನಮ್ಮ ಮಾತು ಎರಡು ವಾರ ನಿಂತಿತು. ಆ ಬಗೆ ಅಲ್ಲಿಗೇ ಮುಗಿಯಿತು.

ಆಮೇಲೆ ಆ ದಿನದ ಕಾರ್ಡ್‌ನಿಂದಲೇ ಹ್ಯಾಂಡಿಕ್ಯಾಪ್ ಹುಟ್ಟಿಸುವ ಮೂರು ಬಗೆಗಳಿಗೆ ಬಂದೆವು: ಪಿಯೋರಿಯಾ, ಕ್ಯಾಲವೇ, ಸಿಸ್ಟಮ್ 36. ಇವುಗಳಿಗೆ ಹಳೆಯ ದಾಖಲೆ ಬೇಕಿಲ್ಲ. ಹೋಲಿಸಿ ನೋಡಲು ನನ್ನದೇ ಒಂದು ಕಾರ್ಡನ್ನು ಮೂರರಲ್ಲೂ ಹಾಕಿದೆ. ಲೆಕ್ಕಕ್ಕೆ ಪಾರ್, ಅಂದರೆ ಚೆನ್ನಾಗಿ ಆಡುವವರಿಗೆ ಬೇಕಾಗುವ ಹೊಡೆತ, ಒಟ್ಟು 72 ಎಂದಿಟ್ಟುಕೊಳ್ಳಿ. ನಾನು ಹೊಡೆದದ್ದು 98. ಮೂರು ಪಾರ್, ಒಂಬತ್ತು ಬೋಗಿ (ಪಾರ್‌ಗಿಂತ ಒಂದು ಜಾಸ್ತಿ), ಉಳಿದ ಆರು ಗುಂಡಿಗಳಲ್ಲಿ ಡಬಲ್ ಬೋಗಿ (ಎರಡು ಜಾಸ್ತಿ) ಅಥವಾ ಅದಕ್ಕಿಂತ ಕೆಟ್ಟದ್ದು. ಆ ಆರರಲ್ಲೇ 17 ಹೊಡೆತ ಜಾಸ್ತಿ ಹೋಗಿತ್ತು.

ಪಿಯೋರಿಯಾದಲ್ಲಿ ಆರು ಗುಂಡಿಗಳನ್ನು ಗುಟ್ಟಾಗಿ ಆರಿಸಿಡುತ್ತಾರೆ. ಸಾಮಾನ್ಯವಾಗಿ ಮೊದಲ ಒಂಬತ್ತರಲ್ಲಿ ಮೂರು, ಆಮೇಲಿನ ಒಂಬತ್ತರಲ್ಲಿ ಮೂರು. ಆ ಆರರಲ್ಲಿ ಪಾರ್‌ಗಿಂತ ಎಷ್ಟು ಜಾಸ್ತಿ ಹೊಡೆದಿರೋ ಅದನ್ನು ಮೂರರಿಂದ ಗುಣಿಸಿ ಕಳೆಯುವುದು. ಕೇಳಲು ಚೆಂದ. ಆದರೆ ನನ್ನ ಕಾರ್ಡ್ ನೋಡಿ. ಗುಟ್ಟಿನ ಆರರಲ್ಲಿ ನನ್ನ ಮೂರು ಪಾರ್ ಮತ್ತು ಮೂರು ಬೋಗಿ ಬಿದ್ದರೆ ನನಗೆ ಸಿಗುವುದು 9, ನಿವ್ವಳ 89. ನಾನು ಹಾಳು ಮಾಡಿದ ಆರೇ ಬಿದ್ದರೆ 51 ಸಿಗುತ್ತದೆ, ನಿವ್ವಳ 47. ಒಂದೇ ಆಟ, ಒಂದೇ ಮನುಷ್ಯ, ನಡುವೆ 42 ಹೊಡೆತದ ಅಂತರ. ಇದು ಹ್ಯಾಂಡಿಕ್ಯಾಪ್ ಅಲ್ಲ, ಲಾಟರಿ.

ಲಾಟರಿ ಹೊಡೆದದ್ದು ಭಾವನವರಿಗೆ. 118 ಹೊಡೆದಿದ್ದರು. ಗುಟ್ಟಿನ ಆರರಲ್ಲಿ 19 ಜಾಸ್ತಿ. ಮೂರರಿಂದ ಗುಣಿಸಿದರೆ 57, ನಿವ್ವಳ 61. 'ಎಂತ ಭಾವ, ನಾನು ಗೆದ್ದದ್ದಾ?' ಎಂದು ಅವರೇ ಹೆದರಿ ಕೇಳಿದರು. ತಪ್ಪು ನನ್ನದು. ಹಲವರು ಆ 57ರಲ್ಲಿ ಶೇಕಡಾ 80 ಮಾತ್ರ ಕೊಡುತ್ತಾರೆ, ಒಂದೊಂದು ಗುಂಡಿಗೂ ಇಷ್ಟೇ ಎಂಬ ಮಿತಿ ಹಾಕುತ್ತಾರೆ. ನಾನು ಎರಡನ್ನೂ ಬಿಟ್ಟಿದ್ದೆ. ಶೇಕಡಾ 80 ಎಂದರೆ 46. ಆಗ ನಿವ್ವಳ 72, ನಂಬಬಹುದಾದ ಅಂಕ. ಇನ್ನೊಂದು ಮಾತು: ಗುಟ್ಟಿನ ಗುಂಡಿಗಳನ್ನು ಆಡುವವರು ಆರಿಸಬಾರದು. ನಾವು ಡಾಕ್ಟರ ಮಗಳ ಕೈಯಲ್ಲಿ ಚೀಟಿ ಬರೆಸಿದೆವು. ಆದರೂ 'ನಿಮ್ಮ ಮಗಳಲ್ವಾ' ಎಂಬ ಮಾತು ಬಂದೇ ಬಂತು.

ಕ್ಯಾಲವೇ ಇದಕ್ಕಿಂತ ಎಷ್ಟೋ ಗಂಭೀರ. ಒಟ್ಟು ಅಂಕ ನೋಡಿ, ನಿಮ್ಮ ಅತಿ ಕೆಟ್ಟ ಗುಂಡಿಗಳಲ್ಲಿ ಎಷ್ಟನ್ನು ಕಳೆಯಬಹುದು ಎಂದು ಒಂದು ಪಟ್ಟಿ ಹೇಳುತ್ತದೆ. 98ಕ್ಕೆ ಮೂರು ಗುಂಡಿ. ನನ್ನವು 8, 8, 7. ಒಟ್ಟು 23, ನಿವ್ವಳ 75. 17 ಮತ್ತು 18ನೇ ಗುಂಡಿಗಳನ್ನು ಕಳೆಯುವಂತಿಲ್ಲ, ಆದ್ದರಿಂದ ಕೊನೆಗೆ ಬೇಕೆಂದೇ ಕೆಡಿಸಿ ಲಾಭ ಮಾಡಲು ಆಗುವುದಿಲ್ಲ. ಫಲಿತಾಂಶದ ಬಗ್ಗೆ ಯಾರೂ ತಕರಾರು ಮಾಡಲಿಲ್ಲ. ತಕರಾರು ನನ್ನದು. ಪಟ್ಟಿ ನೋಡಬೇಕು, ಅರ್ಧ ಗುಂಡಿ ಕಳೆಯುವ ಲೆಕ್ಕ ಬರುತ್ತದೆ, ಕೊನೆಗೆ ಒಂದೆರಡು ಕೂಡಿಸುವ ಕಳೆಯುವ ಕೆಲಸವೂ ಉಂಟು. ಎದುರಿಗೆ ನೀರುದೋಸೆ ತಣ್ಣಗಾಗುತ್ತಿರುವಾಗ ಹನ್ನೆರಡು ಕಾರ್ಡ್‌ಗಳಿಗೆ ಇದನ್ನು ಮಾಡಿ ನೋಡಿ.

ಸಿಸ್ಟಮ್ 36 ನಮಗೆ ಹಿಡಿಸಿತು. ಪಾರ್ ಅಥವಾ ಅದಕ್ಕಿಂತ ಚೆನ್ನಾಗಿ ಆಡಿದರೆ 2, ಬೋಗಿಗೆ 1, ಉಳಿದದ್ದಕ್ಕೆ ಸೊನ್ನೆ. ಒಟ್ಟನ್ನು 36ರಿಂದ ಕಳೆದರೆ ಅದೇ ಹ್ಯಾಂಡಿಕ್ಯಾಪ್. ನನಗೆ 6 ಮತ್ತು 9 ಸೇರಿ 15 ಬಂತು. 36ರಲ್ಲಿ 15 ಹೋದರೆ 21, ನಿವ್ವಳ 77. ಕ್ಯಾಲವೇಗೂ ಇದಕ್ಕೂ ಎರಡೇ ಹೊಡೆತದ ವ್ಯತ್ಯಾಸ. ಪ್ರತಿಯೊಬ್ಬರೂ ತಮ್ಮ ಲೆಕ್ಕ ತಾವೇ ನಡೆದುಕೊಂಡು ಬರುವಾಗ ಹಾಕಬಹುದು. ಕಾರ್ಡ್ ಮೇಜಿಗೆ ಬರುವಾಗಲೇ ಉತ್ತರ ಸಿದ್ಧ.

ಇದರಲ್ಲೂ ಎರಡು ಓರೆ ಉಂಟು. ಒಂದು, 36ಕ್ಕಿಂತ ಜಾಸ್ತಿ ಯಾರಿಗೂ ಸಿಗುವುದಿಲ್ಲ. 130 ಹೊಡೆದವರಿಗೆ ಎಲ್ಲಾ ಕೊಟ್ಟರೂ ನಿವ್ವಳ 94. ಅವರಿಗೆ ಗೆಲ್ಲುವ ದಾರಿಯೇ ಇಲ್ಲ. ಎರಡು, ಇದು ಒಂದೇ ಸಮ ಆಡುವವರ ಪಕ್ಷ. ಹದಿನೆಂಟೂ ಬೋಗಿ ಮಾಡಿದವರಿಗೆ 90, ನಿವ್ವಳ 72. ಒಂಬತ್ತು ಪಾರ್, ಒಂಬತ್ತು ಟ್ರಿಪಲ್ ಬೋಗಿ ಮಾಡಿದವರಿಗೂ ಹ್ಯಾಂಡಿಕ್ಯಾಪ್ ಅದೇ 18, ಆದರೆ ನಿವ್ವಳ 81. ನಮ್ಮ ಗಲ್ಫ್ ಗೆಳೆಯರೊಬ್ಬರು ಎರಡನೆಯ ಜಾತಿ. ಒಂದು ಹೊಡೆತ ಟಿವಿಯಲ್ಲಿ ನೋಡಿದ ಹಾಗೆ, ಇನ್ನೊಂದು ಮುರಕಲ್ಲಿಗೆ ತಾಗಿ ಎತ್ತಲೋ. ಈ ಪದ್ಧತಿ ಕಂಡರೆ ಅವರಿಗೆ ಆಗುವುದಿಲ್ಲ.

ಎರಡನೆಯ ಸೀಸನ್‌ಗೆ ನೋಟ್‌ಬುಕ್ ಇಟ್ಟೆ. ಹಿಂದಿನ ಮೂರು ಆಟಗಳ ಸಿಸ್ಟಮ್ 36 ಸಂಖ್ಯೆಗಳ ಸರಾಸರಿಯೇ ನಮ್ಮ ಮನೆಯ ಹ್ಯಾಂಡಿಕ್ಯಾಪ್. ಹ್ಯಾಂಡಿಕ್ಯಾಪ್ ಮೊದಲೇ ಗೊತ್ತಿದ್ದರೆ, ಹೊಡೆತದ ಬದಲು ಪ್ರತಿ ಗುಂಡಿಗೆ ಅಂಕ ಎಣಿಸುವ ಸ್ಟೇಬಲ್‌ಫೋರ್ಡ್ ಆಡಬಹುದು. ಡಾ. ಫ್ರಾಂಕ್ ಸ್ಟೇಬಲ್‌ಫೋರ್ಡ್ ಎಂಬವರು ರೂಪಿಸಿದ ಇದನ್ನು 1932ರಲ್ಲಿ ಇಂಗ್ಲೆಂಡಿನ ವಾಲಸಿಯಲ್ಲಿ ಆಡಿಸಿದರು. ನಿವ್ವಳ ಪಾರ್‌ಗೆ 2, ಬೋಗಿಗೆ 1, ಬರ್ಡಿಗೆ (ಪಾರ್‌ಗಿಂತ ಒಂದು ಕಡಿಮೆ) 3, ಬೋಗಿಗಿಂತ ಕೆಟ್ಟರೆ ಸೊನ್ನೆ. ಸೊನ್ನೆ ಎಂದು ಗೊತ್ತಾದ ಕೂಡಲೇ ಚೆಂಡು ಎತ್ತಿ ಜೇಬಿಗೆ. ಅದೇ ಇದರ ದೊಡ್ಡ ಗುಣ. ಹೊಡೆತ ಎಣಿಸುವ ಆಟಕ್ಕೆ ನಮಗೆ ಐದು ಗಂಟೆ ಹತ್ತು ನಿಮಿಷ ಬೇಕಾಗಿತ್ತು, ಸ್ಟೇಬಲ್‌ಫೋರ್ಡ್ ನಾಲ್ಕೂಕಾಲಿಗೆ ಮುಗಿಯಿತು. ಬೆಳಿಗ್ಗೆ ಆರೂವರೆಗೆ ಶುರು ಮಾಡಿದರೂ ಹತ್ತು ದಾಟಿದ ಮೇಲೆ ನಮ್ಮ ಕರಾವಳಿಯ ಸೆಖೆಯಲ್ಲಿ ಗ್ರಿಪ್ ಕೈಯಲ್ಲಿ ನಿಲ್ಲುವುದಿಲ್ಲ. (ಎರಡು ಗ್ಲವ್ ಇಟ್ಟುಕೊಳ್ಳಿ.) ಆ ಐವತ್ತೈದು ನಿಮಿಷದ ಬೆಲೆ ಆಗ ಗೊತ್ತಾಗುತ್ತದೆ.

ಇದಕ್ಕೆ ಕಾರ್ಡ್‌ನಲ್ಲಿ ಸ್ಟ್ರೋಕ್ ಇಂಡೆಕ್ಸ್, ಅಂದರೆ ಗುಂಡಿಗಳ ಕಷ್ಟದ ಕ್ರಮಸಂಖ್ಯೆ, ಇರಲೇಬೇಕು. 21 ಇರುವವನಿಗೆ ಪ್ರತಿ ಗುಂಡಿಗೆ ಒಂದು ಹೊಡೆತ ಬಿಡುವು, 1, 2, 3ನೇ ಇಂಡೆಕ್ಸ್‌ನ ಗುಂಡಿಗಳಲ್ಲಿ ಎರಡು. ನಾವು ಚೆಂದದ ಕಾರ್ಡ್ ಮಾಡಿಸಲು ಹೋದರೆ, ಮುದ್ರಿಸಿದವರು ಎಲ್ಲರ ಹೆಸರನ್ನೂ ಬಂಗಾರದ ಬಣ್ಣದಲ್ಲಿ ಹಾಕಿ ಆ ಒಂದು ಸಾಲನ್ನೇ ಬಿಟ್ಟುಬಿಟ್ಟರು. ಕಾರಿನ ಬಾನೆಟ್ ಮೇಲಿಟ್ಟು ಪೆನ್ನಿನಲ್ಲಿ ಬರೆದೆವು.

ಇನ್ನು ಪಕ್ಕದ ಆಟಗಳು. ದುಡ್ಡು ಬೇಡ ಎಂದು ಮೊದಲೇ ತೀರ್ಮಾನವಾಗಿತ್ತು. ಪಣ ಗೋಳಿಬಜೆ ಮತ್ತು ಗಡ್‌ಬಡ್. ನಸ್ಸಾವ್ ಒಂದೇ ಸಲ ಆಡಿದ್ದು. ಮೊದಲ ಒಂಬತ್ತಕ್ಕೊಂದು, ಎರಡನೆಯ ಒಂಬತ್ತಕ್ಕೊಂದು, ಒಟ್ಟಿಗೊಂದು, ಹೀಗೆ ಮೂರು ಪಣ. ಇಬ್ಬರು ಆಡಿದರೆ ಸೊಗಸು. ಮೂರು ಗುಂಪಿಗೆ ಹಂಚಿದಾಗ ಯಾರು ಯಾರಿಗೆ ಏನು ಕೊಡಬೇಕು ಎಂದು ಮೇಷ್ಟ್ರಿಗೂ ಗೊತ್ತಾಗಲಿಲ್ಲ.

ಸ್ಕಿನ್ಸ್‌ನಲ್ಲಿ ಗುಂಡಿಯನ್ನು ಒಬ್ಬರೇ ಗೆಲ್ಲಬೇಕು. ಸಮವಾದರೆ ಪಣ ಮುಂದಿನ ಗುಂಡಿಗೆ. ನಮ್ಮ ಗುಂಪಿನಲ್ಲಿ ಐದು ಗುಂಡಿ ಸತತ ಸಮವಾದವು. ಆರನೆಯದನ್ನು, ಅಷ್ಟು ಹೊತ್ತು ಪೊದೆಯಲ್ಲೇ ಇದ್ದ ಒಬ್ಬರು ಬಿಡುವಿನ ಹೊಡೆತದ ಬಲದಿಂದ ಗೆದ್ದು ಆರು ತಟ್ಟೆ ಗೋಳಿಬಜೆ ಬಾಚಿದರು. ಆ ಒಂದು ಪಟ್ (ಗುಂಡಿಗೆ ಉರುಳಿಸುವ ಹೊಡೆತ) ನೋಡಲು ಎಲ್ಲರೂ ಉಸಿರು ಹಿಡಿದಿದ್ದೆವು, ಸುಳ್ಳು ಹೇಳುವುದಿಲ್ಲ. ಆಮೇಲಿನ ಹನ್ನೆರಡು ಗುಂಡಿ ಸಪ್ಪೆ.

ಬಿಂಗೋ ಬ್ಯಾಂಗೋ ಬಾಂಗೋ ಹಾಗಲ್ಲ. ಪ್ರತಿ ಗುಂಡಿಗೆ ಮೂರು ಅಂಕ: ಮೊದಲು ಗ್ರೀನ್ (ಗುಂಡಿಯ ಸುತ್ತಲಿನ ನುಣುಪು ಹುಲ್ಲು) ತಲುಪಿದವರಿಗೆ, ಎಲ್ಲರೂ ತಲುಪಿದ ಮೇಲೆ ಗುಂಡಿಗೆ ಹತ್ತಿರ ಇರುವವರಿಗೆ, ಮೊದಲು ಗುಂಡಿಗೆ ಹಾಕಿದವರಿಗೆ. ದೂರ ಇರುವವರೇ ಮೊದಲು ಹೊಡೆಯಬೇಕಾದ್ದರಿಂದ, ಶುರುವಿನ ಜಾಗವಾದ ಟೀಯಿಂದ ಕಡಿಮೆ ದೂರ ಹೊಡೆದವರಿಗೂ ಮೊದಲ ಅಂಕದ ಅವಕಾಶ. 130ರ ಗೆಳೆಯರು ಆ ದಿನ ಹನ್ನೊಂದು ಅಂಕ ತೆಗೆದರು. ಸರದಿ ಕಾಯುವುದರಿಂದ ಸುಮಾರು ಇಪ್ಪತ್ತು ನಿಮಿಷ ಜಾಸ್ತಿ ಹಿಡಿಯಿತು, ಸ್ಟೇಬಲ್‌ಫೋರ್ಡ್ ಉಳಿಸಿದ್ದರಲ್ಲಿ ಅದು ಸರಿಹೋಯಿತು. ಪಾರ್ 3ರಲ್ಲಿ ಗುಂಡಿಗೆ ಹತ್ತಿರ ಯಾರು ಎಂಬ ಸ್ಪರ್ಧೆಗೆ ಒಂದು ಅಳತೆ ಟೇಪ್ ಸಾಕು.

ಈ ಡಿಸೆಂಬರ್‌ಗೂ ನೋಟ್‌ಬುಕ್ ಹ್ಯಾಂಡಿಕ್ಯಾಪ್, ಸ್ಟೇಬಲ್‌ಫೋರ್ಡ್, ಬಿಂಗೋ ಎಂದು ಗುಂಪಿನಲ್ಲಿ ಹಾಕಿದ್ದೇನೆ. ಹೊಸಬರು ಇಬ್ಬರಿದ್ದಾರೆ, ಅವರಿಗೆ ಮೊದಲ ಆಟಕ್ಕೆ ಸಿಸ್ಟಮ್ 36. ಹತ್ತು ಜನ ಹೆಬ್ಬೆರಳು ಎತ್ತಿದರು. ಕುಂದಾಪುರದಿಂದ ಮಾತ್ರ ಒಂದು ಸಾಲು ಬಂತು: 'ಆ ಚೀಟಿ ಹಾಕುವ ಆಟ ಈ ಸಲ ಇಲ್ವಾ ಭಾವ?'